ಸಹಿಗೆ ಕಾಯದ ಬೆಳಕು

ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಬೆಳಗಿನ ಪಾಳಿ ನನ್ನದು. ಹತ್ತೂಕಾಲಿಗೆ ಆಕಾಶದ ಮೂಲೆಯೊಂದರಲ್ಲಿ ಗಾಮಾ ಕಿರಣಗಳು ಅರ್ಧ ಸೆಕೆಂಡು ಸಿಡಿದು ಮುಗಿದವು. ಬೆನ್ನಿಗೇ ಉಳಿಯುವ ಎಕ್ಸ್-ರೇ ಬೆಳಕು ಆರುವುದರೊಳಗೆ ಉಪಗ್ರಹದ ದೂರದರ್ಶಕವನ್ನು ಅತ್ತ ತಿರುಗಿಸಬೇಕು. ಅದಕ್ಕೆ ಮುಖ್ಯಸ್ಥರ ಸಹಿಯಾಗಬೇಕು. ಅವರು ಸಭೆಯಲ್ಲಿದ್ದರು.

ಬಾಗಿಲು ತಟ್ಟಿದೆ. "ಐದು ನಿಮಿಷ ಇರಮ್ಮ," ಎಂದರು.

ಆ ಐದು ನಿಮಿಷ ಮುಗಿಯಲು ಮೂರು ಗಂಟೆ ಹಿಡಿಯಿತು. ಆಮೇಲೆ ಸಹಿ ಬಿತ್ತು, ದೂರದರ್ಶಕವೂ ತಿರುಗಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಪರದೆಯ ಮೇಲೆ ಬರೀ ಕತ್ತಲೆ.

"ಏನೂ ಕಾಣ್ತಿಲ್ವಲ್ಲಮ್ಮ?"

"ಆರಿಹೋಗಿದೆ ಸಾರ್. ಅಷ್ಟು ಹೊತ್ತು ಸಭೆ ಯಾತಕ್ಕಿತ್ತು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸ್ಫೋಟ ಆದ ತಕ್ಷಣ ಸಹಿ ಸಿಗೋ ಹಾಗೆ ಮಾಡೋದು ಹೇಗೆ ಅಂತ. ಇನ್ನೂ ತೀರ್ಮಾನ ಆಗಿಲ್ಲ. ನಾಳೆ ಮತ್ತೆ ಕೂತ್ಕೋತೀವಿ."