ಪೆನ್ಸಿಲ್ ಜಾರಿದ ಕೂದಲು

ಕತ್ತು, ಅದೇ ಕತ್ತು, ಗಾಜಿನಾಚೆ ಬೆಳ್ಳಗೆ ಬಾಗಿದೆ, ಪೌಡರ್ ಒಂದು ಕೈ ಹೆಚ್ಚೇ ಬಳಿದುಕೊಂಡಿದ್ದಾಳೆ ನನ್ನ ತಂಗಿ ಎಸ್ಮಿ, ಕೇಪ್ ಟೌನಿನ ಬಿಳಿಯರ ಟೋಪಿ ಅಂಗಡಿಯ ಮಿಸ್ ಎಸ್ಮಿ — ಒಳಗೆ ಹೋಗ್ಲಾ, ಹೋಗಲೇಬೇಕು, ಅಮ್ಮ ಬೆಳಿಗ್ಗೆ ತೀರಿಕೊಂಡಳು, ಹೇಳದೆ ಹೇಗೆ — ಇವಳ ಆ ನುಣುಪು ಕೂದಲನ್ನು ಅಮ್ಮ ಮಡಿಲಿಗೆ ಹಾಕಿಕೊಂಡು ಎಣ್ಣೆ ಹಚ್ಚಿ ಬಾಚ್ತಿದ್ದಳು, ನನ್ನ ತಲೆ ಕಂಡರೆ ಮಾತ್ರ ಥೂ, ಇದೇನೇ ಗ್ರೀಟಾ, ಕುರಿ ಉಣ್ಣೆ, ನೀನೇ ಬಾಚ್ಕೊ ಹೋಗು, ಒಂದೇ ಹೊಟ್ಟೆ, ಒಬ್ಬನೇ ಅಪ್ಪ, ಆದರೂ ಯಾರು ಬಿಳಿ, ಯಾರು ಅಲ್ಲ ಅಂತ ತೀರ್ಮಾನಿಸೋ ಸರ್ಕಾರದ ಕಚೇರಿಯಲ್ಲಿ ಒಬ್ಬ ಅವಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ, ಜಾರಿ ಬಿತ್ತು, ಅವಳು ಬಿಳಿಯಳು, ನನ್ನದರಲ್ಲಿ ಅಲ್ಲಾಡದೆ ನಿಂತಿತು, ನಾನು ಬೆರಕೆ. ಒಂದು ಪೆನ್ಸಿಲ್ಲು! ಅವಳಿಗೆ ರೈಲಿನ ಮೆತ್ತನೆ ಸೀಟು, ನನಗೆ ಹೊಲಿಗೆ ಕಾರ್ಖಾನೆ, ನಾನು ಹೊಲಿದ ಟೋಪಿ ಅವಳು ಮಾರ್ತಾಳೆ, ನನ್ನಂಥವಳು ದುಡ್ಡು ಕೊಟ್ಟು ಒಯ್ಯಬಹುದು, ತಲೆ ಮೇಲಿಟ್ಟು ನೋಡುವ ಹಾಗಿಲ್ಲ — ಎಲ್ಲರೆದುರು ಎಸ್ಮಿ, ನಿನ್ನ ಅಕ್ಕ ಬಂದಿದೀನಿ ಕಣೇ ಅಂದುಬಿಟ್ಟರೆ? ಹಾಳಾಗಿ ಹೋಗ್ಲಿ, ಅಂದೇಬಿಡ್ತೀನಿ, ಬಾಗಿಲು ತಳ್ಳಿದೆ, ಅವಳ ಮುಖ ಸುಣ್ಣವಾಯಿತು, ಏಯ್, ಕೆಲಸದವರು ಹಿಂದಿನ ಬಾಗಿಲಿಂದ ಬರ್ಬೇಕು, ಗೊತ್ತಿಲ್ವಾ? ನನಗೆ! ನಾಲಿಗೆ ತುದೀಲಿತ್ತು ಅವಳ ಹೆಸರು, ಹೊರಬಿದ್ದದ್ದು ಬೇರೆ — ಮೇಡಂ, ನಿಮ್ಮ ಬಟ್ಟೆ ಒಗೀತಿದ್ದ ಮುದುಕಿ ಬೆಳಿಗ್ಗೆ ಹೋಗ್ಬಿಟ್ಟಳು, ನಾಳೆ ಮಣ್ಣು — ಅವಳನ್ನು ಕಾಪಾಡೋಕಲ್ಲ, ಖಂಡಿತ ಅಲ್ಲ, ಸತ್ತ ಮೇಲಾದರೂ ಅಮ್ಮ ನನ್ನೊಬ್ಬಳಿಗೇ ಉಳೀಲಿ ಅಂತ. ಏನು ಮಿಸ್, ಏನು ಗಲಾಟೆ, ಮ್ಯಾನೇಜರ್ ಬಂದ, ಏನಿಲ್ಲ ಸರ್, ಬಟ್ಟೆ ಒಗೆಯೋಳು ಸತ್ತಳಂತೆ, ಅಯ್ಯೋ ಅಷ್ಟೇನಾ, ಇನ್ನೊಬ್ಬಳು ಸಿಗ್ತಾಳೆ ಬಿಡಿ, ಅವನ ಕೈ ಅವಳ ಸೊಂಟದ ಮೇಲೆ ಕೂತಿತು, ಅಲ್ಲೇ ಉಳಿಯಿತು. ಕಾರ್ಖಾನೆಯ ಮೇಸ್ತ್ರಿಯ ಕೈಯೂ ಹೀಗೇ ಹರಿದು ಬರುತ್ತೆ, ನಾನು ಕತ್ತರಿ ಎತ್ತಿ ತೋರಿಸ್ತೀನಿ, ಇವಳು ಏನನ್ನೂ ಎತ್ತುವ ಹಾಗಿಲ್ಲ, ಬಿಳಿಯಳಲ್ಲ ಅಂತ ಅವನೊಮ್ಮೆ ಅನುಮಾನಪಟ್ಟರೆ ಸಾಕು, ಮುಗೀತು, ಅದಕ್ಕೇ ನಗ್ತಿದ್ದಾಳೆ, ಹೂಂ ಸರ್, ಸಿಗ್ತಾಳೆ ಸರ್ — ಆದರೆ ಕೈ, ಅವಳ ಕೈ, ಟೋಪಿಯ ಉದ್ದ ಪಿನ್ನನ್ನು ತನ್ನ ಹೆಬ್ಬೆರಳಿಗೇ ಇಳಿಸ್ತಿದೆ, ನನಗೊಬ್ಬಳಿಗೇ ಕಾಣುವ ಹಾಗೆ, ಬೆಳಿಗ್ಗೆಯಿಂದ ನಾನು ಬೊಬ್ಬೆ ಹಾಕಿ ಅತ್ತದ್ದೆಲ್ಲ ಸಣ್ಣದಾಗಿಹೋಯ್ತು, ದುಃಖದಲ್ಲೂ ಇವಳೇ ಮುಂದೆ, ಅಮ್ಮನನ್ನೂ ಕಸಿದುಕೊಂಡಳು — ಮುಖ ನಗ್ತಿದೆ, ಪಿನ್ನು ಇಳೀತಿದೆ — ಬಿಳಿ ಟೋಪಿಯ ಅಂಚಿಗೆ ಒಂದು ಹನಿ, ಕೆಂಪಗೆ — ಪಿನ್ನು ಇನ್ನೂ — ಒಂದು ಹನಿ —