ಅರ್ಧ ಕಾರು

ನನ್ನ ಗಂಡನ ಮಣ್ಣಿಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಲ್ಲಿಗೆ ನೀರು ಬಂತು, ತುಂಬಿಸಿದೆ. ಹಾಲು ಬಂತು, ಕಾಸಿದೆ. ಅತ್ತೆ ಮಂಗಳವ್ವ ಒಲೆಯ ಮುಂದೆ ಕುಳಿತು ಯಾರನ್ನೋ ಬೈಯುತ್ತಿದ್ದರು. ಲಾರಿಯವನನ್ನೋ ದೇವರನ್ನೋ ಕೇಳಲಿಲ್ಲ. ಬ್ಯಾಡಗಿಯ ನಮ್ಮ ಓಣಿಯೊಳಗೆ ಒಂದು ಜೀಪು ನುಗ್ಗಲು ನೋಡಿತು. ಹಿಡಿಸದೆ ಹೊರಗೇ ನಿಂತಿತು. ಇಳಿದವರು ಇಬ್ಬರು: ರಸ್ತೆ ಗುತ್ತಿಗೆದಾರ ಮೈಲಾರೆಪ್ಪ, ರಾಣೆಬೆನ್ನೂರಿನ ಇಂಜಿನಿಯರ್ ಹೊಳಿಯಪ್ಪ.

ನನ್ನ ಗಂಡ ಗುಡದಪ್ಪ, ಊರ ರಸ್ತೆ ಹೆದ್ದಾರಿಗೆ ಕೂಡುವ ಕಡೆಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ದಿನವೂ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಸುಗ್ಗಿಯಲ್ಲಿ ಆ ರಸ್ತೆಯ ಅಂಚಿಗೆಲ್ಲ ಮೆಣಸಿನಕಾಯಿ ಒಣಹಾಕುತ್ತಾರೆ. ಯಾರದೋ ಕಾಯಿಯ ಮೇಲೆ ಗಾಲಿ ಹಾಯಿಸಲು ಮನಸ್ಸಾಗದೆ ಅವರು ಅಂದು ಡಾಂಬರಿಗೆ ಏರಿದರು. ಹಿಂದೆ ಲಾರಿ ಇತ್ತು. ಡಾಂಬರು ಲಾರಿಯದು, ಅಂಚು ಮೆಣಸಿನಕಾಯಿಯದು; ಸೈಕಲ್ಲಿನವನು ಅಲ್ಲಿಗೆ ಯಾಕೆ ಬಂದ ಎಂದು ಮಣ್ಣಿಗೆ ಬಂದವರೂ ಕೇಳಿಹೋದರು.

ಶಾಲೆಯ ಹುಡುಗರಿಗೆ, ಮಾರುಕಟ್ಟೆಯ ಹಮಾಲರಿಗೆ ರಸ್ತೆಯ ಪಕ್ಕ ಬೇರೆಯೇ ಸೈಕಲ್ ದಾರಿ ಬೇಕೆಂದು ನನ್ನ ಗಂಡ ಕಚೇರಿಗಳಿಗೆ ಅಲೆದಿದ್ದರು. ಹಾವೇರಿ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲರೂ ಏನಾದರೊಂದು ಕೇಳುತ್ತಿದ್ದರು: ಕಮಾನು, ಕಾರಂಜಿ, ಕ್ರೀಡಾಂಗಣ. ಸೈಕಲ್ ದಾರಿ ಎಂದರೆ ಕಚೇರಿಯ ಜವಾನನಿಗೂ ನಗು. ಈಗ ರಸ್ತೆ ಅಗಲ ಮಾಡುವ ಕೆಲಸದ ಪೂಜೆಗೆ ಮಂತ್ರಿ ಬರುವವರಿದ್ದರು. ಸೈಕಲ್ ದಾರಿಯ ಮಾತು ಕೊಡದಿದ್ದರೆ ಅಂದು ರಸ್ತೆಗೆ ಅಡ್ಡ ಕೂಡುತ್ತೇವೆ ಎಂದು ಹಮಾಲರು ಹೇಳಿಬಿಟ್ಟಿದ್ದರು. ಜೀಪು ನಮ್ಮ ಓಣಿ ಹುಡುಕಿಕೊಂಡು ಬಂದದ್ದು ಅದಕ್ಕೇ.

"ನೋಡವಾ ತಂಗಿ," ಎಂದ ಮೈಲಾರೆಪ್ಪ, "ಮಾಸ್ತರ ಹೆಸರು ಉಳೀಬೇಕು. ಅಲ್ಲೇ ರಸ್ತಿ ಬಾಜೂಕ ಒಂದು ಬಸ್ ತಂಗುದಾಣ ಕಟ್ಟಸ್ತೇನಿ. ಅವರ ಹೆಸರು ಬರಸ್ತೇನಿ. ನೀ ಹಮಾಲರಿಗೆ ಒಂದು ಮಾತು ಹೇಳು, ನಮಗ ಇಷ್ಟ ಸಾಕು ಅಂತ."

"ನನ್ನ ಮಗ ಬಸ್ಸು ಹತ್ತಿದ್ದು ತನ್ನ ಲಗ್ನಕ್ಕ ಅಷ್ಟರೀ," ಎಂದರು ಅತ್ತೆ. ಒಲೆಗೆ ಕಟ್ಟಿಗೆ ನೂಕಿ ಕೇಳಿದರು: "ಅಕ್ಷರ ದೊಡ್ಡೂ ಇರ್ತಾವೇನ್ರಿ?"

"ಹಾವೇರಿಗೆ ಕಾಣೂವಂಗ ಬರಸ್ತೇನಬೇ!"

"ಸೈಕಲ್ ದಾರಿ?" ಎಂದೆ.

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ನೀವು ಯುನಿವರ್ಸಿಟಿ ಓದಿದವರು ಅಕ್ಕಾರ, ನಿಮಗ ತಿಳೀತೈತಿ. ರಸ್ತಿ ಮ್ಯಾಲ ಗಾಡಿ ಎಣಸೇವ್ರಿ, ಸೈಕಲ್ ಭಾಳ ಕಡಿಮಿ. ಯಾವ ಗಾಡಿ ಎಷ್ಟು ರಸ್ತಿ ತಿಂತೈತಿ ಅನ್ನೂ ನಮ್ಮ ಲೆಕ್ಕದಾಗ ಒಂದು ಸೈಕಲ್ ಅಂದ್ರ ಅರ್ಧ ಕಾರು. ಎತ್ತಿನ ಬಂಡಿ ಎಂಟು ಕಾರು."

"ಎಂಟು?" ಮೈಲಾರೆಪ್ಪನಿಗೇ ನಗು ತಡೆಯಲಾಗಲಿಲ್ಲ. "ಲೇ ಹೊಳಿಯಪ್ಪ, ಹಂಗಾರ ನಾ ಜೀಪು ಮಾರಿ ಬಂಡಿನ ಹೂಡತೇನಲೇ!"

"ಎಷ್ಟೊತ್ತಿಗೆ ಎಣಿಸಿದ್ರಿ?" ನಾನು ಇಂಜಿನಿಯರನ್ನು ಕೇಳಿದೆ.

"ಆಫೀಸ್ ಟೈಮಿನ್ಯಾಗ್ರಿ."

ಹಮಾಲರು ನಸುಕಿಗೇ ಮಾರುಕಟ್ಟೆ ಸೇರಿರುತ್ತಾರೆ. ಹುಡುಗರು ಶಾಲೆಯೊಳಗೆ ಕೂತಿರುತ್ತಾರೆ. ಸೈಕಲ್ಲುಗಳೆಲ್ಲ ಗೋಡೆಗೆ ಒರಗಿ ನಿಂತ ಹೊತ್ತಿನಲ್ಲಿ ಇವರು ರಸ್ತೆಯ ಮೇಲೆ ಸೈಕಲ್ ಹುಡುಕಿದ್ದಾರೆ. ಆ ಲೆಕ್ಕದಲ್ಲಿ ನನ್ನ ಗಂಡ ಅರ್ಧ ಕಾರು. ಬಂಡಿ ಹೂಡಿಕೊಂಡು ಪಾಠ ಹೇಳಲು ಹೋಗಿದ್ದರೆ ಸರಕಾರ ಅವರಿಗೆ ಎಂಟು ಕಾರಿನ ಮರ್ಯಾದೆ ಕೊಡುತ್ತಿತ್ತು.

"ಅದೂ ಅಲ್ಲದ ಜಾಗಾ ಇಲ್ರಿ ಅಕ್ಕಾರ. ಬಾಜೂಕ ಜಾಗಾನ ಇಲ್ಲ."

"ತಂಗುದಾಣಕ್ಕ?"

"ಅದಕ್ಕ... ಮಾಡತೇವ್ರಿ."

ಚಹ ಕುಡಿದು ಎದ್ದರು. ನಾಳೆಯೇ ತಂಗುದಾಣದ ಜಾಗ ಗುರುತು ಹಾಕುತ್ತೇವೆ, ಅಷ್ಟರಲ್ಲಿ ಯೋಚಿಸು ಎಂದು ಮೈಲಾರೆಪ್ಪ ಹೇಳಿಹೋದ. ಇಂಜಿನಿಯರ್ ಒಬ್ಬನೇ ಬಾಗಿಲಿಗೆ ತಿರುಗಿ ಬಂದ.

"ಈ ಹೊತ್ತಿನ್ಯಾಗ ಕೇಳಬಾರದ್ರಿ. ಮಾಸ್ತರ ನನ್ನ ಕಡಿಂದ ಅಳತಿ ಟೇಪು ಒಯ್ದಿದ್ರು. ಆಫೀಸಿಂದದು."

"ನಾನ ತಂದು ಕೊಡತೇನ್ರಿ."

ಟೇಪು ನನಗೆ ಗೊತ್ತಿತ್ತು. ಒಂದು ರವಿವಾರ ಅದರ ಒಂದು ತುದಿ ಹಿಡಿದು ಆ ರಸ್ತೆಯಲ್ಲಿ ನಿಂತವಳು ನಾನೇ. ಟ್ರ್ಯಾಕ್ಟರಿನವನೊಬ್ಬ ಕೂಗಿದ್ದ: "ಏನ್ರಿ ಮಾಸ್ತರ, ಸರಕಾರದ ರಸ್ತಿ ಖರೀದಿ ಮಾಡಿದ್ರೇನ?" ಅವರು ನಕ್ಕಿದ್ದರು. ನನಗೆ ನಾಚಿಕೆಯಾಗಿತ್ತು.

ಮರುದಿನ ಟೇಪು ಹಿಡಿದು ಹೊರಟಾಗ ಅತ್ತೆ ತಡೆದರು. "ಸೂತಕದ ದಿನಾ ಮುಗಿಯೂತನಾ ಹೊಸ್ತಿಲಾ ದಾಟಬಾರದವಾ."

"ಇಸಗೊಂಡ ಬಂದದ್ದರೀ ಅತ್ತಿ. ತಿರುಗಿ ಕೊಡಬೇಕು."

"ಹಂಗಾರ ಹೋಗು. ಸೆರಗ ಹೊತಗೊ."

ರಸ್ತೆಯಂಚಿನಲ್ಲಿ ಮೈಲಾರೆಪ್ಪ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸುತ್ತಿದ್ದ, ಇಂಜಿನಿಯರ್ ಪಕ್ಕದಲ್ಲಿ ನಿಂತಿದ್ದ. ಮಾರುಕಟ್ಟೆಯಿಂದ ತಿರುಗಿ ಹೊರಟ ಹಮಾಲರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನಾನು ಟೇಪಿನ ತುದಿಯ ಉಂಗುರ ಇಂಜಿನಿಯರ್ ಕಡೆ ಚಾಚಿದೆ.

"ಹಿಡೀರಿ."

ಕೆಲಸದ ರೂಢಿ. ಅವನ ಕೈ ತಾನಾಗಿ ಹಿಡಿಯಿತು. ಕುಕ್ಕರಗಾಲಲ್ಲಿ ಕೂತು ಡಾಂಬರಿನ ಅಂಚಿಗೆ ಒತ್ತಿಯೂ ಒತ್ತಿದ. ನಾನು ಬಿಚ್ಚುತ್ತ ಗಟಾರದವರೆಗೆ ನಡೆದು, ಬಂದದ್ದನ್ನು ಓದಿದೆ.

"ಹನ್ನೊಂದು ಅಡಿ."

"ಸಾಹೇಬ್ರ," ಎಂದ ಹಮಾಲ ಉಡಚಪ್ಪ, "ಮೊನ್ನಿ ನಮಗೂ ಜಾಗಾನ ಇಲ್ಲ ಅಂದ್ರಿ. ರಾತ್ರಿ ಮರಿ ಹಾಕೇತೇನ್ರಿ?"

ನಗೆ ಎದ್ದಿತು. ಹೊಳಿಯಪ್ಪ ಉಂಗುರ ಬಿಡಲೂ ಆಗದೆ ಕೂತೇ ಇದ್ದ.

"ತಂಗಿ, ಮಂದಿ ಮುಂದ ಇದೆಲ್ಲ ಯಾಕವಾ," ಎಂದ ಮೈಲಾರೆಪ್ಪ ತಗ್ಗಿದ ದನಿಯಲ್ಲಿ. "ಹೆಸರಿಂದು ಏನಂತಿ, ಅದನ್ನ ಹೇಳು."

ಅತ್ತೆ ಕೇಳಿದ ದೊಡ್ಡ ಅಕ್ಷರಗಳು ಕಣ್ಣ ಮುಂದೆ ಬಂದವು. ಮನೆಗೆ ಹೋಗಿ ಅವರಿಗೆ ಹೇಳಬೇಕಾದವಳು ನಾನೇ.

"ಹೆಸರು ಬ್ಯಾಡ್ರಿ. ಬಸ್ಸಿಗೆ ನಿಂತವರ ತಲಿ ಮ್ಯಾಲ ಅವರದೇನು ಕೆಲಸ? ಮಂತ್ರಿ ಬಂದಾಗ ಇವರ ಜೋಡಿ ನಾನೂ ಅಡ್ಡ ಕುಂಡ್ರತೇನಿ."

ಆಮೇಲೆ ಟೇಪು ಸುತ್ತಿದೆ. ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿ, ಡಬ್ಬಿ ಮುಚ್ಚಿ, ಇಂಜಿನಿಯರ್ ಕೈಯಲ್ಲಿಟ್ಟೆ.

"ನಿಮ್ಮದು ನಿಮಗ ಮುಟ್ಟಿತು."