ಹಸಿರು ಗುಂಡಿಯ ಪಕ್ಕದ ಹೆಸರು

ಮೆಟ್ಟಿಲ ದೀಪ ಮತ್ತೆ ಆರಿತು, ಒಂದು ನಿಮಿಷ ಅಷ್ಟೇ ಅದರ ಆಯಸ್ಸು, ಕತ್ತಲಲ್ಲಿ ಗೋಡೆ ತಡವಿ ಒತ್ತಿದೆ, ಬಂತು, ಅತ್ತೆಯ ಬಾಗಿಲು, ಕಾಲೊರಸು, ಬಾಗಿಲ ಪಕ್ಕ ಕರೆಗಂಟೆ — ಅದನ್ನು ಒತ್ತಲಾರದೆ ಮೂರು ಸಲ ದೀಪದ ಗುಂಡಿಯನ್ನೇ ಒತ್ತಿದ್ದೇನೆ, ಬಾಗಿಲ ಸಂದಿಯಿಂದ ಬೆಣ್ಣೆಯ ಪರಿಮಳ, ತುರಿದ ಕಿತ್ತಳೆ ಸಿಪ್ಪೆಯ ಪರಿಮಳ, ನಾಳೆಗೆ ಬಿಸ್ಕತ್ತು ಬೇಯುತ್ತಿದೆ, ನಾಳೆ ಸಂತ ಪೊಲಿಕ್ಸೆನಿಯ ದಿನ, ಅತ್ತೆಯ ಹೆಸರಿನ ಹಬ್ಬ, ನನ್ನ ಮಗಳದ್ದೂ ಅದೇ, ವೋಲೋಸಿನ ಅರ್ಧ ಊರು ಕರೆಯದೇ ಬರುತ್ತದೆ, ನಾನು ಅತ್ತೆಯ ಪಕ್ಕ ತಟ್ಟೆ ಹಿಡಿದು ನಿಲ್ಲಬೇಕು, ಬಂದವರು ಹೇಳುತ್ತಾರೆ, ಅರ್ಯಿರೋ, ನಿನ್ನಂಥ ಸೊಸೆ ಸಿಗೋಕೆ ಪೊಲಿಕ್ಸೆನಿ ಪುಣ್ಯ ಮಾಡಿದ್ಲು ಬಿಡು, ಅತ್ತೆ ಹೂಂ ಅನ್ನುತ್ತಾರೆ, ಅನ್ನುತ್ತಾರಾ — ಈ ಮುಖ ಎಲ್ಲಿಟ್ಟುಕೊಳ್ಳಲಿ, ಇನ್ನೊಂದು ಮಹಡಿ ಹತ್ತಿದರೆ ನನ್ನ ಮನೆ, ಹೋಗಿ ಬಾಗಿಲು ಹಾಕಿಕೊಂಡುಬಿಡಬಹುದು, ಹಾಕಿಕೊಂಡು ಏನು ಮಾಡುವುದು, ಗಂಡನಿಗೆ, ಸ್ತ್ರಾತೋಸನಿಗೆ ಹೇಳುವುದೇ, ಅವನು ಈಗ ಹಡಗಿನ ಇಂಜಿನ್ ಕೋಣೆಯಲ್ಲಿ, ಸ್ಕಿಯಾಥೋಸ್ ದ್ವೀಪದ ದಾರಿಯಲ್ಲಿ, ಫೋನ್ ಅಂಗಡಿಯಿಂದ ಹೊರಗೆ ಬಂದವಳೇ ಬೀದಿಯಲ್ಲಿ ನಿಂತು ಅವನಿಗೆ ಬರೆಯತೊಡಗಿದ್ದೆ, ನಿಮ್ಮಮ್ಮ ಎಲ್ಲಾ ಓದಿದ್ದಾಳೆ — ಬೆರಳು ಕಳಿಸುವ ಬಾಣದ ಮೇಲೆ ಹೋದಾಗ ಹೊಳೆಯಿತು, ಇದೂ ಅಲ್ಲಿಗೇ ಹೋಗುತ್ತದೆ. ಅಕ್ಷರ ಅಕ್ಷರವಾಗಿ ಅಳಿಸಿದೆ.

ಬ್ಯಾಟರಿ ಹಾಕಿಸಲು ಹೋದವಳು ಬ್ಯಾಟರಿ ಹಾಕಿಸಿಕೊಂಡು ಬರಬೇಕಿತ್ತು, ಬಾಯಿ ಸುಮ್ಮನಿರಲಿಲ್ಲ, ಅಂಗಡಿಯ ಹುಡುಗಿ ಕ್ಲಿಯೋಗೆ ಹೇಳಿದೆ, ಫೆಬ್ರವರಿಯಲ್ಲಿ ನನ್ನ ಫೋನಿನ ಗಾಜು ಒಡೆದಿತ್ತಲ್ಲ, ಆಗ ನನ್ನ ಮೆಸೇಜುಗಳು ಮಗಳ ಟ್ಯಾಬಿನಲ್ಲೂ ಬರುವ ಹಾಗೆ ಮಾಡಿದ್ದೆ, ಒಂದೂ ಬರಲಿಲ್ಲ, ಆಫ್ ಮಾಡಿ ಆನ್ ಮಾಡಿದೆ, ವೈಫೈ ಬದಲಾಯಿಸಿದೆ, ಗಂಟೆ ತಾರೀಕು ಸರಿಮಾಡಿದೆ, ಕೊನೆಗೆ ಬೇಸತ್ತು ಬಿಟ್ಟೆ, ಅವಳು ತಣ್ಣನೆ ಕಾಫಿಯ ಲೋಟ ಪಕ್ಕಕ್ಕಿಟ್ಟು ನನ್ನ ಫೋನಿನ ಸೆಟ್ಟಿಂಗ್ಸ್ ತೆಗೆದು, ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ, ಇಲ್ಲಿ ನೋಡಿ, ಪೊಲಿಕ್ಸೆನಿ, ಪಕ್ಕದಲ್ಲಿ ಹಸಿರು ಗುಂಡಿ, ಒಂದು ಮೆಸೇಜೂ ತಪ್ಪಿಲ್ಲ, ಹೋಗೋ ಕಡೆ ಹೋಗ್ತಾನೇ ಇದೆ, ಆದ್ರೆ ಇದು ದೊಡ್ಡ ಟ್ಯಾಬು, ನಿಮ್ಮ ಪಾಪು ಹಿಡ್ಕೊಂಡು ಬರೋದು ಚಿಕ್ಕದು, ಮನೇಲಿ ಇನ್ನೊಬ್ಬ ಪೊಲಿಕ್ಸೆನಿ ಇದ್ದಾರಾ — ಈ ದೇಶದಲ್ಲಿ ಯಾರಾದರೂ ಕೇಳುವ ಪ್ರಶ್ನೆಯೇ ಇದು, ಮೊಮ್ಮಗಳಿಗೆ ಹೆಸರಿದೆ ಅಂದರೆ ಅದು ಅಜ್ಜಿಯದ್ದೇ, ಗಾಬರಿ ಆಗ್ಬೇಡಿ ಮೇಡಂ, ನಮ್ಮನೇಲಿ ಮೂರು ಜನ ಲಾಬ್ರೋಸ್, ತಾತನ ಮಾತ್ರೆ ಅಲಾರಂ ವರ್ಷವಿಡೀ ನಮ್ಮಣ್ಣನ ಫೋನಲ್ಲಿ ಹೊಡ್ಕೊಂಡಿದೆ, ಅವನು ಬಿ.ಪಿ. ಮಾತ್ರೆ ನುಂಗ್ಲಿಲ್ಲ ಅಷ್ಟೇ, ಅವಳು ನಕ್ಕಳು, ನಾನೂ ನಕ್ಕೆ, ನಗುತ್ತಿದ್ದ ಹಾಗೇ ಕಿವಿಯ ತುದಿಯಿಂದ ಬಿಸಿ ಕೆಳಗಿಳಿಯಿತು, ಆಫ್ ಮಾಡ್ಲಾ ಅಂದಳು, ಫೋನ್ ಕಿತ್ತುಕೊಂಡು ಹೊರಬಿದ್ದೆ.

ಏಳು ತಿಂಗಳು. ಫೆಬ್ರವರಿಯಿಂದ ಸೆಪ್ಟೆಂಬರ್ ತನಕ, ಹಡಗಿನಲ್ಲಿರುವ ಗಂಡನಿಗೆ ನಾನು ದಿನಕ್ಕೆ ಹತ್ತಿಪ್ಪತ್ತು ಸಲ ಬರೆದದ್ದೆಲ್ಲ ಕೆಳಗಿನ ಮನೆಗೆ ಇಳಿದು ಹೋಗಿದೆ. ಸ್ತ್ರಾತೋಸ್, ನಿನ್ನದೇ ಕೆಲಸ ಇದು, ಕಳೆದ ವರ್ಷದ ಹಬ್ಬಕ್ಕೆ ಅಮ್ಮನಿಗೆ ಟ್ಯಾಬ್ ತಂದೆ, ಅಮ್ಮನಿಗೆ ಇಮೇಲ್ ಎಲ್ಲಿದೆ, ಸದ್ಯಕ್ಕೆ ನಿನ್ನ ಖಾತೆಯಲ್ಲೇ ಹಾಕ್ತೀನಿ ಬಿಡು ಅಂತ ನನ್ನ ಖಾತೆಗೆ ಸೇರಿಸಿದೆ, ಮಗುವಿನ ಟ್ಯಾಬನ್ನು ಮೊದಲೇ ನಿನ್ನ ಖಾತೆಯಲ್ಲಿ ಹಾಕಿದ್ದೆ, ಎರಡಕ್ಕೂ ಪೂರ್ತಿ ಹೆಸರು ಬರೆದೆ, ಹೆಮ್ಮೆಯಿಂದ, ಪೊಲಿಕ್ಸೆನಿ, ಪೊಲಿಕ್ಸೆನಿ — ಇಲ್ಲ, ಅವನ ಮೇಲೆ ಹಾಕಿ ನಾನು ಜಾರಿಕೊಳ್ಳುವುದು ಬೇಡ, ಗುಂಡಿ ಒತ್ತಿದ್ದು ನಾನು, ಬರೆದದ್ದು ನಾನು, ಆ ಹೆಸರೇ ನನಗೆ ಬೇಡವಾಗಿತ್ತು, ಡಾಫ್ನಿ ಅಂತ ಇಡಬೇಕೆಂದಿದ್ದೆ, ನಾಮಕರಣದ ದಿನ ಪಾದ್ರಿಯ ಮುಂದೆ ಪೊಲಿಕ್ಸೆನಿ ಅಂತ ಕೂಗಿದಾಗ ಅತ್ತೆ ಇಗರ್ಜಿಯ ಕಂಬ ಹಿಡಿದುಕೊಂಡು ಅತ್ತರು, ನಾನು ಕ್ಸೆನಿ, ಕ್ಸೆನಿ ಎಂದು ಕರೆದು ಕರೆದು ಆ ಹೆಸರಿನಿಂದ ಅತ್ತೆಯನ್ನು ಆದಷ್ಟು ಕತ್ತರಿಸಿದೆ, ಪಟ್ಟಿಯಲ್ಲಿ ಪೊಲಿಕ್ಸೆನಿ ಅಂತ ನೋಡಿದಾಗ ಮಗಳದ್ದೇ ಅಂದುಕೊಂಡೆ, ಅತ್ತೆಗೂ ಒಂದು ಹೆಸರಿದೆ ಎಂಬುದು ನನ್ನ ತಲೆಗೇ ಬರಲಿಲ್ಲ, ನನ್ನ ಮೆಸೇಜುಗಳಲ್ಲಿ ಅವರಿಗೆ ಬೇರೆ ಹೆಸರಿತ್ತು, ಸಚಿವಾಲಯ. ಸಚಿವಾಲಯದಿಂದ ಇವತ್ತು ಆದೇಶ ಬಂತು, ಸಚಿವಾಲಯ ಕಿಟಕಿ ಒರೆಸೋಕೆ ಹೇಳಿದೆ, ಸ್ತ್ರಾತೋಸ್ ನಗುವ ಮುಖ ಕಳಿಸುತ್ತಿದ್ದ, ಆ ನಗುವ ಮುಖಗಳೂ ಹೋಗಿರಬೇಕು.

ಓದಿರಲಿಕ್ಕಿಲ್ಲ. ಎಪ್ಪತ್ತೊಂದು ವರ್ಷ, ಕನ್ನಡಕ ಯಾವಾಗಲೂ ಬ್ರೆಡ್ ಡಬ್ಬಿಯ ಮೇಲೋ ಸ್ನಾನದ ಮನೆಯಲ್ಲೋ, ಟ್ಯಾಬಿನಲ್ಲಿ ಅವರು ಅಡುಗೆ ವಿಡಿಯೋ ಬಿಟ್ಟರೆ ಏನು ನೋಡುತ್ತಾರೆ, ಓದಿರಲಿಕ್ಕಿಲ್ಲ — ಹಾಗಾದರೆ ಮಾರ್ಚಿನಲ್ಲಿ ಕೀಲಿ ಯಾಕೆ ವಾಪಸ್ ಕೊಟ್ಟರು, ನಾನು ಬರೆದಿದ್ದೆ, ಕೀಲಿ ಇದೆ ಅಂತ ನುಗ್ತಾಳೆ, ಸ್ನಾನ ಮುಗಿಸಿ ಬರೋ ಹೊತ್ತಿಗೆ ನನ್ನ ಅಡುಗೆಮನೇಲಿ ನಿಂತು ಡಬ್ಬ ಮೂಸ್ತಿರ್ತಾಳೆ ಅಂತ, ಎರಡು ದಿನ ಬಿಟ್ಟು ಅತ್ತೆ ಗಂಟೆ ಒತ್ತಿದರು, ನಮ್ಮ ಮನೆಗೆ ಹತ್ತು ವರ್ಷದಲ್ಲಿ ಮೊದಲ ಸಲ, ಒಂದು ಮೆಟ್ಟಿಲು ಕೆಳಗೇ ನಿಂತು ಲಕೋಟೆ ಚಾಚಿದರು, ನಿಮ್ಮನೆ ಕೀಲಿ ಕಣೇ, ನಾನು ಎಲ್ಲಾದ್ರೂ ಕಳೆದುಹಾಕ್ತೀನಿ, ನಿನ್ನ ಹತ್ರನೇ ಇರ್ಲಿ, ನಾನು ಥ್ಯಾಂಕ್ಸ್ ಅಂದೆ. ಏಪ್ರಿಲಿನಲ್ಲಿ ಅತ್ತೆ ಕಳಿಸಿದ ಬದನೆಕಾಯಿ, ಎಣ್ಣೆಯಲ್ಲಿ ಮುಳುಗಿತ್ತು, ಕಸಕ್ಕೆ ಹಾಕಿ ಬರೆದೆ, ಉಪ್ಪು ನೋಡಿದ್ರೆ ಮೀನು ಒಣಗಿಸೋಕೆ ಹೊರಟಿದ್ದಾಳೆ, ಈಗ ತಟ್ಟೆ ಖಾಲಿ ಕಳಿಸಬಾರದು ಅಂತ ನಾನು ಇನ್ನೇನೋ ಬೇಯಿಸಿ ತುಂಬಿಸ್ಬೇಕು, ಅದರ ಮುಂದಿನ ವಾರದಿಂದ ಅತ್ತೆಯ ಪಿಂಗಾಣಿ ತಟ್ಟೆ ಮೇಲೆ ಬರಲೇ ಇಲ್ಲ, ಬಂದದ್ದು ಅಂಗಡಿಯ ತೆಳು ತಗಡಿನ ಟ್ರೇ, ಬಿಸಾಕ್ಬಿಡು, ವಾಪಸ್ ಕೊಡ್ಬೇಕಾಗಿಲ್ಲ, ಉಪ್ಪೂ ಹಾಕಿಲ್ಲ, ಬೇಕಾದಷ್ಟು ನೀನೇ ಹಾಕ್ಕೊ ಅಂದರು — ಅದನ್ನೂ ಸ್ತ್ರಾತೋಸನಿಗೆ ಬರೆದೆ, ಸಚಿವಾಲಯಕ್ಕೆ ಕೊನೆಗೂ ಬುದ್ಧಿ ಬಂತು ಅಂತ.

ಮೇ ತಿಂಗಳಲ್ಲಿ ಮಗುವನ್ನು ಮಲಗಿಸಲು ಬರುವುದು ನಿಂತಿತು, ಮೊಣಕಾಲು ಕಣೇ, ಮೆಟ್ಟಿಲು ಆಗಲ್ಲ ಅಂದರು, ಮೊಣಕಾಲಿಗೆ ಏನಾಗಿತ್ತು, ಮಾರುಕಟ್ಟೆಯಿಂದ ಕಲ್ಲಂಗಡಿ ಹೊತ್ತು ತಂದಿದ್ದರು ಅದೇ ದಿನ, ನಾನು ಬರೆದಿದ್ದು ನೆನಪಿದೆ, ನೆನಪಿಲ್ಲ ಎನ್ನಲಾರೆ, ಮಗುವಿನ ದಿಂಬೆಲ್ಲ ಅವಳ ನುಸಿಗುಳಿಗೆ ವಾಸನೆ. ಜುಲೈನಲ್ಲಿ ಕ್ಸೆನಿಯನ್ನು ಸಂಜೆಗೆ ಬಿಟ್ಟು ಹೋಗ್ಲಾ ಅಂತ ಕೇಳಿದಾಗ ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿ, ಬಿಡು, ಇವತ್ತು ಸಚಿವಾಲಯ ತೆಗೆದಿದೆ ಅಂದರು, ಟಿ.ವಿ.ಯಲ್ಲಿ ಮುಷ್ಕರದ ಸುದ್ದಿ ನೋಡಿ ಹೇಳುತ್ತಿದ್ದಾರೆ ಅಂದುಕೊಂಡೆ, ನಾನು ದಡ್ಡಿ, ಶುದ್ಧ ದಡ್ಡಿ. ಮತ್ತೆ ಜೂನ್ — ಜೂನ್ ಬೇಡ, ಅದೊಂದು ಬೇಡ — ಜೂನಿನಲ್ಲಿ ಬರೆದಿದ್ದೆ, ಕೆಳಗಿನ ಮನೆ ಮುಂದೊಂದು ದಿನ ಖಾಲಿಯಾದ್ಮೇಲೆ ಪ್ರವಾಸಿಗಳಿಗೆ ಬಾಡಿಗೆಗೆ ಕೊಡಬಹುದು, ಬಾಲ್ಕನಿಯಿಂದ ಸಮುದ್ರ ಕಾಣುತ್ತೆ, ಖಾಲಿಯಾದ ಮೇಲೆ, ಎಂಥ ಮಾತು, ಬದುಕಿರುವ ಮನುಷ್ಯಳ ಮನೆ, ಹತ್ತು ದಿನದೊಳಗೆ ಅತ್ತೆ ಬಾಲ್ಕನಿಯ ಕಂಬಿಗೆ ನೀಲಿ ಬಣ್ಣ ಹೊಡೆಸಿದರು, ಈಗ್ಯಾಕೆ ಅತ್ತೆ ಅಂದೆ, ಮುಂದೆ ಬರೋರಿಗೆ ಚೆನ್ನಾಗಿರ್ಲಿ ಅಂತ ಅಂದರು, ನಾನು ಆ ಬಣ್ಣವನ್ನು ಹೊಗಳಿದೆ.

ಆದರೂ ಇದಕ್ಕಿಂತ ಕೆಟ್ಟದ್ದು ಒಂದಿದೆ, ಅವರು ನನ್ನನ್ನು ಕರೆದಿದ್ದರು. ಫೆಬ್ರವರಿಯ ಕೊನೆಯಲ್ಲಿ ಒಂದು ಸಲ, ಮಾರ್ಚಿನಲ್ಲಿ ಒಂದು ಸಲ, ಈಸ್ಟರ್ ದಿನ ಎಲ್ಲರ ಮುಂದೆ ಕೈ ಹಿಡಿದು ಇನ್ನೊಂದು ಸಲ, ಅರ್ಯಿರೋ, ಈ ಹಲಗೆ ಕಿಣಿಕಿಣಿ ಅಂತಾನೇ ಇರುತ್ತೆ, ಒಂಚೂರು ಬಂದು ನೋಡಮ್ಮ, ನಂಗೆ ಬೇಡದ್ದೆಲ್ಲ ಬರುತ್ತೆ ಇದ್ರಲ್ಲಿ, ಹೀಗೇ ಅಂದಿದ್ದರು, ಬೇಡದ್ದೆಲ್ಲ, ನಾನು ನೋಡ್ತೀನಿ ಅತ್ತೆ, ನಾಳೆ ಅತ್ತೆ ಅಂದೆ, ಅಡುಗೆಮನೆಗೆ ಹೋಗಿ ಸ್ತ್ರಾತೋಸನಿಗೆ ಬರೆದೆ, ಮತ್ತೆ ಶುರು, ಟ್ಯಾಬ್ ಕೆಟ್ಟಿದೆಯಂತೆ, ನನ್ನನ್ನ ಕೂರಿಸಿಕೊಂಡು ಊರ ಪುರಾಣ ಹೇಳೋಕೆ ಒಂದು ನೆಪ. ಅದೂ ಕಿಣಿ ಎಂದು ಅವರ ಕೈಯಲ್ಲೇ ಬಿದ್ದಿರುತ್ತದೆ, ಕುರಿಮಾಂಸದ ತಟ್ಟೆಗಳ ನಡುವೆ, ನಾವೆಲ್ಲ ಹಬ್ಬದ ಕೆಂಪು ಮೊಟ್ಟೆ ಒಂದಕ್ಕೊಂದು ಕುಟ್ಟಿಕೊಂಡು ನಗುತ್ತಿದ್ದಾಗ. ಅದಾದ ಮೇಲೆ ಅವರು ಕೇಳಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ.

ದೀಪ ಆರಿತು, ಈ ಸಲ ಬಾಗಿಲೇ ತೆರೆಯಿತು, ಎಷ್ಟೊತ್ತೇ ಅದನ್ನ ಹಾಕಿ ಆರಿಸಿ ಮಾಡ್ತೀಯ, ಬಾಗಿಲ ಕೆಳಗೆ ಬೆಳಕು ಕಾಣುತ್ತೆ, ಬಾ ಒಳಗೆ, ಅತ್ತೆಯ ಮೊಣಕೈ ತನಕ ಹಿಟ್ಟು, ತಲೆಗೆ ಬಟ್ಟೆ ಕಟ್ಟಿದ್ದಾರೆ, ಮಗು ಎಲ್ಲಿ, ನೃತ್ಯದ ಕ್ಲಾಸಲ್ಲಿ ಅತ್ತೆ, ಏಳಕ್ಕೆ ಕರ್ಕೊಂಡು ಬರ್ಬೇಕು, ಅವರ ಬೆನ್ನ ಹಿಂದೆಯೇ ಅಡುಗೆಮನೆಗೆ ನಡೆದೆ, ಮೇಜಿನ ತುಂಬ ಬಿಸ್ಕತ್ತಿನ ಸಾಲು, ಬ್ರೆಡ್ ಡಬ್ಬಿಗೆ ಒರಗಿ ಟ್ಯಾಬು, ಅತ್ತೆ, ನಾನು ಟ್ಯಾಬ್ ಒಂದ್ಸಲ ನೋಡ್ಲಾ, ಈಗ ಯಾಕೆ, ಕರೆದಾಗ ಬರ್ಲಿಲ್ಲ ಅಂದರು, ಸಿಟ್ಟಿನಿಂದಲ್ಲ, ಮಳೆ ಬರ್ಲಿಲ್ಲ ಅಂದ ಹಾಗೆ, ತಿರುಗಿ ಹಿಟ್ಟು ನಾದತೊಡಗಿದರು, ನಾನು ಕುರ್ಚಿಯ ಅಂಚಿನಲ್ಲಿ ಕುಳಿತು ಅದನ್ನು ಮುಟ್ಟಿದೆ, ಬೀಗವಿಲ್ಲ, ತೆರೆದದ್ದೇ ಕ್ಸೆನಿಯ ಬಾಯಿ, ನಿನ್ನೆ ಬೆಳಿಗ್ಗೆ ಬಿದ್ದ ಹಲ್ಲು, ಅಂಗೈಯಲ್ಲಿ ಹಲ್ಲು ಹಿಡಿದು ನಗುತ್ತಿದ್ದಾಳೆ, ಸ್ತ್ರಾತೋಸನಿಗೆಂದು ನಾನು ತೆಗೆದು ಕಳಿಸಿದ ಫೋಟೋ, ಅದರ ಕೆಳಗೆ ಗಾಜಿನ ಮೇಲೆ ಮಸುಕು, ಎಣ್ಣೆಯದೋ ಹಿಟ್ಟಿನದೋ, ಓದಲಾಗದೆ ವಾರೆ ಮಾಡಿ ಬೆಳಕಿಗೆ ಹಿಡಿದೆ, ಕೆಳಗೆ ನಾನು ಬರೆದ ಸಾಲು, ಸಚಿವಾಲಯಕ್ಕೆ ಹೇಳ್ಬೇಡ, ಹಲ್ಲು ಮಾಡಿನ ಮೇಲೆ ಎಸೀಬೇಕು ಅಂತ ಹಾಡು ಹಾಡಿಕೊಂಡು ಬರ್ತಾಳೆ, ನಾನು ಕಸಕ್ಕೆ ಬಿಸಾಕಿದ್ದೀನಿ. ಮೇಲಕ್ಕೆ ಸರಿಸಿದೆ, ಕ್ಸೆನಿ ಶಾಲೆಯ ಮೊದಲ ದಿನ, ಕ್ಸೆನಿ ಜ್ವರದಲ್ಲಿ, ಕ್ಸೆನಿ ನಿದ್ದೆಯಲ್ಲಿ ಬಾಯಿ ತೆರೆದುಕೊಂಡು, ಪ್ರತಿ ಫೋಟೋದ ಅಡಿಯಲ್ಲಿ ನನ್ನ ನಾಲಿಗೆ, ಫೋಟೋಗಳು ಸರಿಯುತ್ತವೆ, ಮಾತುಗಳು ಸರಿಯುತ್ತವೆ, ಆ ಮಸುಕು ಇದ್ದಲ್ಲೇ ಇದೆ.

ತೆಗೆದುಬಿಡಬೇಕು, ಎಲ್ಲ, ಈಗಲೇ, ಅವರು ಬೆನ್ನು ಹಾಕಿರುವಾಗಲೇ, ನಾಳೆ ಜನ ಬರುವುದರೊಳಗೆ ಏನೂ ಆಗಿರಲಿಲ್ಲ ಎಂಬಂತೆ, ನನ್ನ ಫೋನ್ ತೆಗೆದೆ, ಸೆಟ್ಟಿಂಗ್ಸ್, ಮೆಸೇಜು, ಪಟ್ಟಿ, ಪೊಲಿಕ್ಸೆನಿ, ಹಸಿರು ಗುಂಡಿ, ಬೆರಳು ಅದರ ಮೇಲೆ, ಕ್ಷಮೆ ಕೇಳುವುದಕ್ಕಿಂತ ಎಷ್ಟು ಸುಲಭ ಇದು, ನಾದುವ ಸದ್ದು ನಿಂತಿತು, ಅತ್ತೆ ತಿರುಗಲಿಲ್ಲ, ಗೋಡೆಗೆ ಹೇಳುವ ಹಾಗೆ ಹೇಳಿದರು, ಅರ್ಯಿರೋ, ಅದನ್ನ ನಿಲ್ಲಿಸಿಬಿಟ್ರೆ ಫೋಟೋನೂ ನಿಂತುಹೋಗುತ್ತಾ. ಮೊದಮೊದ್ಲು ನಂಗೂ ಬೇಡ ಅನ್ನಿಸ್ತಿತ್ತು, ನಿನ್ನ ಕರೆದೆ, ಆಮೇಲೆ ಮಗು ಕೆಳಗೆ ಬರೋದು ಕಮ್ಮಿ ಆಯ್ತಲ್ಲ, ಇರ್ಲಿ ಅಂತ ಬಿಟ್ಟೆ, ಬರೆದಿರೋದೇನೂ ಓದಲ್ಲ ಕಣೇ ಈಗ, ಅಷ್ಟನ್ನ ಕೈಯಿಂದ ಮುಚ್ಕೊಂಡು ಫೋಟೋ ಮಾತ್ರ ನೋಡ್ತೀನಿ. ಅತ್ತೆ, ಅಂದೆ, ಅತ್ತೆ — ಅವರು ಬಿಸ್ಕತ್ತಿನ ತಟ್ಟೆ ಒಲೆಯೊಳಗೆ ತಳ್ಳುತ್ತಿದ್ದಾರೆ, ನಾನು ಗಾಜನ್ನು ನೋಡುತ್ತಿದ್ದೇನೆ, ಅದು ಮಸುಕಲ್ಲ, ಅಂಗೈ, ಫೋಟೋದ ಕೆಳಗೆ ಅಡ್ಡಲಾಗಿ ಇಟ್ಟ ಅಂಗೈ, ಎಣ್ಣೆಯ ಅಂಗೈ, ಹಿಟ್ಟಿನ ಅಂಗೈ, ಒಂದರ ಮೇಲೊಂದು, ತಿಂಗಳುಗಟ್ಟಲೆಯ ಅಂಗೈ, ಅದರ ಅಡಿಯಲ್ಲಿ ನನ್ನ ಸಾಲು, ಮೇಲೆ ಮಗು ಬೋಳು ವಸಡು ತೋರಿಸಿ ನಗುತ್ತಿದೆ, ಅಂಗೈ, ಅವರ ಅಂಗೈ